ನರ್ಸಮ್ಮನ ಡಬ್ಬದ ಒಲೆ

ಬೆನ್ನಿಗೆ ಒಲೆ ಹಾಕಿಕೊಂಡು ಊರೂರು ಅಲೆಯೋ ಹೆಂಗಸನ್ನು ತಮಾಷೆಗಳು ತಾವಾಗೇ ಹುಡುಕಿಕೊಂಡು ಬರುತ್ತವೆ. ಆದರೆ ನಾನು ಹೋಗುತ್ತಿದ್ದದ್ದು ಕಾಯಿಲೆ ಮನೆಗೆ, ಬಾಣಂತಿ ಮನೆಗೆ, ಸಾವಿನ ಮನೆಗೆ. ಹಾಗಾಗಿ ನಗು ಬಂದರೆ ಸೆರಗು ಬಾಯಿಗೆ ಇಟ್ಟುಕೊಳ್ಳಬೇಕಾಗುತ್ತಿತ್ತು. ನೋಡಿದವರು ಅಳ್ತಿದಾಳೆ ಅಂದುಕೊಳ್ಳೋರು. ಕೆಲವು ಸಲ ಅದೂ ನಿಜವೇ.

೧. ರಿಪೇರಿ

ಎಪ್ಪತ್ತರ ದಶಕದ ನಡುವೆ, ತುಮಕೂರಿನಲ್ಲಿ ಟ್ರೈನಿಂಗ್ ಮುಗಿಸಿ ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ನರ್ಸಾಗಿ ಸೇರಿದೆ. ಆಗೆಲ್ಲ ಗಾಜಿನ ಸಿರಿಂಜು. ಯಾವ ಊರಿಗೆ ಹೋದರೂ ಸಿರಿಂಜು, ಸೂಜಿ ಎಲ್ಲ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಇಪ್ಪತ್ತು ನಿಮಿಷ ಕುದಿಸಬೇಕು. ಅದಕ್ಕೆ ಅಂತ ನನ್ನ ಕೈಗೆ ಕೊಟ್ಟಿದ್ದು ಹಿತ್ತಾಳೆಯ ಪಂಪ್ ಸ್ಟೌ. ಎತ್ತಿದರೆ ರಟ್ಟೆ ಬಿದ್ದುಹೋಗುವಷ್ಟು ಭಾರ.

ಡಾಕ್ಟರನ್ನ ಕೇಳಿದೆ, "ಸಾರ್, ನನಗಿಂತ ಮುಂಚೆ ಇದ್ದ ಸಿಸ್ಟರ್ ಎಲ್ಲಿಗೆ ಹೋದ್ರು?"

"ಈ ಸ್ಟೌ ಸಿಡಿದು ಮುಖ ಸುಟ್ಕೊಂಡ್ರು ಪಾಪ. ಈಗ ರಿಪೇರಿ ಆಗಿದೆ."

"ಅವರು ಹುಷಾರಾದ್ರಾ?"

"ಇಲ್ಲಮ್ಮ, ಸ್ಟೌ ರಿಪೇರಿ ಆಗಿದೆ." ಡಾಕ್ಟರ್ ಕೆಟ್ಟವರಲ್ಲ, ಸುಸ್ತಾಗಿದ್ದರು ಅಷ್ಟೆ. "ಹುಷಾರಾಗಿ ಹಿಡೀರಿ. ಇನ್ನೊಬ್ರು ಸಿಸ್ಟರ್ ಬೇಕು ಅಂದ್ರೆ ಆರು ತಿಂಗಳಿಗೆ ಕಳಿಸ್ತಾರೆ. ಇನ್ನೊಂದು ಸ್ಟೌ ಬೇಕು ಅಂದ್ರೆ ಎರಡು ವರ್ಷ."

೨. ಮರ ಹತ್ತಿದವರು

ಆ ಸ್ಟೌ ನಾನು ಒಂದೇ ಒಂದು ದಿನ ಹಚ್ಚಲಿಲ್ಲ. ನನ್ನ ಒಲೆ ನಾನೇ ಮಾಡಿಕೊಂಡೆ. ಹಾಲಿನ ಪುಡಿ ಡಬ್ಬಕ್ಕೆ ಒದ್ದೆ ಮರಳು ಗಟ್ಟಿಯಾಗಿ ತುಂಬಿ, ಸುತ್ತ ಮೊಳೆಯಲ್ಲಿ ತೂತು ಹೊಡೆದೆ. ಮರಳು ತುಂಬದೆ ಹೊಡೆದರೆ ಡಬ್ಬ ಸೊಟ್ಟಗಾಗುತ್ತೆ, ಎರಡು ಡಬ್ಬ ಕೆಡಿಸಿದ ಮೇಲೆ ಬಂದ ಬುದ್ಧಿ. ಮರಳು ಚೆಲ್ಲಿ, ತಳಕ್ಕೆ ಒಂದು ಷೂ ಪಾಲಿಶ್ ಡಬ್ಬಿ ಇಟ್ಟೆ. ಅದರೊಳಗೆ ಹತ್ತಿ, ಹತ್ತಿಗೆ ಸ್ಪಿರಿಟ್. ಮೇಲೆ ಅಡ್ಡಕ್ಕೆ ಎರಡು ಸೈಕಲ್ ಕಡ್ಡಿ. ಒಂದು ಎಳನೀರಿನ ತೂಕವೂ ಇಲ್ಲ. ಬೆನ್ನಚೀಲಕ್ಕೆ ಹಾಕಿಕೊಂಡು ಎಂಟು ಮೈಲಿ ನಡೆದರೂ ಗೊತ್ತಾಗುತ್ತಿರಲಿಲ್ಲ.

ಎಮರ್ಜೆನ್ಸಿ ಕಾಲ. ಗಂಡಸರನ್ನ ಹಿಡಿದುಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡ್ತಾರೆ ಅಂತ ಎಲ್ಲೆಲ್ಲೂ ಗುಲ್ಲು. ನಾನು ನಿಟ್ಟೂರಿನ ಆಚೆ ಒಂದು ಹಳ್ಳಿಗೆ ಹೋದದ್ದು ಮಕ್ಕಳಿಗೆ ನಾಯಿಕೆಮ್ಮಿನ ಇಂಜೆಕ್ಷನ್ ಹಾಕೋಕೆ. ಅರಳಿಕಟ್ಟೆ ಮೇಲೆ ಡಬ್ಬ ಇಟ್ಟು ಕಡ್ಡಿ ಗೀರಿದೆ. ನೀಲಿ ಉರಿ ಎದ್ದಿದ್ದೇ ತಡ, ಊರಿನ ಗಂಡಸರೆಲ್ಲ ಮಾಯ. ಹೆಂಗಸರೂ ಮಕ್ಕಳನ್ನ ಎತ್ತಿಕೊಂಡು ಒಳಗೆ ಸೇರಿ ಅಗಳಿ ಹಾಕಿಕೊಂಡರು. ಒಬ್ಬನಂತೂ ತೆಂಗಿನ ಮರದ ತುದಿಯಲ್ಲಿ ಕೂತಿದ್ದ.

"ಇಳಿಯಪ್ಪ, ನಾನು ಬಂದಿರೋದು ನಿನ್ನ ಮಗೀಗೆ!"

"ಆ ಬೆಂಕಿ ಆರ್ಸು ಮೊದ್ಲು! ನಂಗೆ ಗೊತ್ತಿಲ್ವಾ ಅದು ಯಾತಕ್ಕೆ ಅಂತ!"

ಕಟ್ಟೆ ಬಿಟ್ಟು ಏಳದೆ ಉಳಿದವನು ಹಲ್ಲಿಲ್ಲದ ಒಬ್ಬ ಮುದುಕ. "ನಂಗೇ ಮಾಡ್ಬುಡವ್ವ," ಅಂದ. "ಆಪರೇಷನ್ ಮಾಡಿಸ್ಕಂಡೋರ್ಗೆ ರೇಡಿಯೋ ಕೊಡ್ತಾರಂತಲ್ಲ?"

ಅವತ್ತು ಇಂಜೆಕ್ಷನ್ ಬಿದ್ದದ್ದು ಮೂರೇ ಮಕ್ಕಳಿಗೆ. ಎರಡು ತಿಂಗಳಿಗೆ ಊರಿಗೆ ನಾಯಿಕೆಮ್ಮು ಬಂತು. ಮರ ಹತ್ತಿದ್ದವನ ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟಿ ಹೋಗಿಬಿಟ್ಟಿತು. ಹದಿನೈದು ದಿನ ಕಳೆದ ಮೇಲೆ ಅವನು ಆರೋಗ್ಯ ಕೇಂದ್ರದ ಬಾಗಿಲಲ್ಲಿ ಬಂದು ನಿಂತ. ಅವನೇ ನನ್ನ ಚೀಲ ಎತ್ತಿಕೊಂಡ.

"ನಡೀರಮ್ಮ, ಮಿಕ್ಕಿರೋ ಮಕ್ಳಿಗಾದ್ರೂ ಹಾಕಿ. ಯಾವನಾದ್ರೂ ಮರ ಹತ್ತಿದ್ರೆ ನಾನ್ ಇಳಿಸ್ತೀನಿ. ನಂಗೂ ಹತ್ತಕ್ಕೆ ಬರ್ತದಲ್ಲ."

೩. ಎರಡು ಒಲೆ

ನಮ್ಮ ಅಟೆಂಡರ್ ವಯಸ್ಸಾದ ಮನುಷ್ಯ. ಸ್ಪಿರಿಟ್ ಬಾಟಲಿಯ ಜವಾಬ್ದಾರಿ ಅವನದು. ಆ ಜವಾಬ್ದಾರಿ ಅವನು ಸ್ವಲ್ಪ ಜಾಸ್ತಿಯೇ ವಹಿಸಿಕೊಂಡಿದ್ದ.

ಒಂದು ಬೆಳಿಗ್ಗೆ ಹೆರಿಗೆ ಆದ ಮನೆಯಿಂದ ಕರೆ ಬಂತು. ಮಗು ಚೆನ್ನಾಗಿದೆ, ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಇಬ್ಬರೂ ಓಡಿದೆವು. ಹತ್ತಿಗೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದೆ, ಚುಯ್ ಅಂತು. ಇನ್ನೊಂದು ಗೀರಿದೆ, ಅದೂ ಚುಯ್. ಬಾಟಲಿ ಮೂಸಿದೆ. ಅಪ್ಪಟ ಬಾವಿ ನೀರು! ಬಾಣಂತಿಯ ತುಟಿ ಬೆಳ್ಳಗಾಗುತ್ತಾ ಇತ್ತು. ಅವರ ಬಚ್ಚಲೊಲೆಗೆ ತೆಂಗಿನ ಗರಿ ತುರುಕಿ, ಊದಿ ಊದಿ, ಕಣ್ಣುಮೂಗಲ್ಲಿ ನೀರು ಸುರಿಸಿಕೊಂಡು ಸೂಜಿ ಕುದಿಸಿದೆ. ಇಂಜೆಕ್ಷನ್ ಕೊಟ್ಟು ಹೊಟ್ಟೆ ಒತ್ತಿ ಹಿಡಿದು ಕೂತೆ. ರಕ್ತ ನಿಂತಿತು.

ಹೊರಗೆ ಬಂದು ಅಟೆಂಡರನ್ನ ಬಾಯಿಗೆ ಬಂದಂಗೆ ಬೈದೆ. ಅವನು ಕಣ್ಣುಜ್ಜಿಕೊಳ್ಳುತ್ತಾ ಡಬ್ಬದ ಕಡೆ ನೋಡಿದ.

"ಸಿಸ್ಟರ್, ಬೈಬೇಡಿ. ನಂಗೆ ಯಾಕೋ ಎರಡೆರಡು ಒಲೆ ಕಾಣ್ತಿದಾವೆ."

ಕುಡಿದಿದ್ದ ಸ್ಪಿರಿಟ್ ವಿಷವಾಗಿ ಕಣ್ಣಿಗೆ ಏರಿತ್ತು. ತುಮಕೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ನೋಡೋಕೆ ಹೋದಾಗ ಅವನೇ ನನಗೆ ಸಮಾಧಾನ ಹೇಳಿದ: "ಈಗ ವಾಸಿ ಸಿಸ್ಟರ್. ಒಂದೇ ಕಾಣ್ತದೆ."

೪. ಕಾಫಿ

ಎಂಬತ್ತರ ದಶಕದಲ್ಲಿ ಕುಣಿಗಲ್ ಕಡೆಗೆ ವರ್ಗವಾಯಿತು. ಅಲ್ಲಿ ಒಂದು ಒಂಟಿ ತೋಟದ ಮನೆ. ಅಲ್ಲಿನ ಅಜ್ಜಿಗೆ ತಿಂಗಳಿಂದ ದಿನಾ ಇಂಜೆಕ್ಷನ್ ಕೊಡ್ತಿದ್ದೆ. ನಾನು ಹೋದ ಒಂದು ಬೆಳಿಗ್ಗೆ ಅಜ್ಜಿ ಹೋಗಿಬಿಟ್ಟಿದ್ದಳು. ಅಜ್ಜ ಅವಳ ಕಾಲ ಹತ್ತಿರ ಕೂತಿದ್ದ. ಮಗಳು ಅರಸೀಕೆರೆಯಿಂದ ಬರೋವರೆಗೆ ಹೆಣ ಎತ್ತೋ ಹಾಗಿರಲಿಲ್ಲ.

ಮಧ್ಯಾಹ್ನವಾಯಿತು. ಅಜ್ಜ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ, ಕೂತಲ್ಲೇ ವಾಲಿದ. ನಾಡಿ ಹಿಡಿದೆ, ಸಿಗೋದೇ ಕಷ್ಟ. "ಒಂದು ಲೋಟ ಕಾಫಿನಾದ್ರೂ ಕೊಡಿ," ಅಂದೆ ಸೊಸೆಗೆ.

"ಹೆಣ ಇರೋ ಮನೇಲಿ ಒಲೆ ಹಚ್ಚಂಗಿಲ್ವಲ್ಲಮ್ಮ," ಅಂದಳು. ಪಕ್ಕದ ಮನೆಯಿಂದ ತರೋಣ ಅಂದರೆ ಮೈಲಿ ದೂರ ಪಕ್ಕದ ಮನೆಯೇ ಇಲ್ಲ.

ನಾನು ಚೀಲದಿಂದ ಡಬ್ಬ ತೆಗೆದೆ. ಎಲ್ಲರೂ ಜಗುಲಿಯಲ್ಲಿದ್ದ ಪುರೋಹಿತರ ಮುಖ ನೋಡಿದರು. ಅವರು ಬೆಳಿಗ್ಗೆ ಆರಕ್ಕೇ ಬಂದು ಕೂತವರು. ಬಗ್ಗಿ ಡಬ್ಬವನ್ನ ಸುತ್ತಲೂ ನೋಡಿದರು.

"ಇದು ಒಲೆಯೋ, ಡಬ್ಬವೋ?"

"ಡಬ್ಬ ಸ್ವಾಮಿ."

"ಡಬ್ಬಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ," ಅಂದರು. "ನನಗೆ ಸಕ್ಕರೆ ಸ್ವಲ್ಪ ಮುಂದಾಗಿರಲಿ."

ಒಂದು ಸಲಕ್ಕೆ ಒಂದೇ ಲೋಟ ಆಗುತ್ತಿತ್ತು. ಮೊದಲನೇದು ಅಜ್ಜನಿಗೆ. ಎರಡು ಗುಟುಕು ಇಳಿದ ಮೇಲೆ ಅವನ ಕಣ್ಣಲ್ಲಿ ಅವತ್ತು ಮೊದಲ ಸಲ ನೀರು ಬಂತು. ಆಮೇಲೆ ಪುರೋಹಿತರು, ಸೊಸೆ, ಚಟ್ಟ ಕಟ್ಟುತ್ತಿದ್ದವರು, ಎಲ್ಲರೂ ಸಾಲಾಗಿ ಬಂದು ಕೂತರು.

ಅಷ್ಟರಲ್ಲಿ ಮಗಳು ಬಂದಳು. ಗೇಟಿನಿಂದಲೇ ಕಿರುಚಿಕೊಂಡು ಬಂದು ತಾಯಿಯ ಎದೆ ಮೇಲೆ ಬಿದ್ದಳು. "ನನ್ನ ಬಿಟ್ಟು ಹೋದ್ಯಲ್ಲವ್ವಾ" ಅಂತ ಅವಳು ಅತ್ತದ್ದಕ್ಕೆ ನನ್ನ ಕರುಳೂ ಕಿತ್ತು ಬಂತು. ಬಹಳ ಹೊತ್ತು ಅತ್ತಳು. ಆಮೇಲೆ ಮುಖ ಎತ್ತಿ, ಮೂಗು ಒರೆಸಿಕೊಂಡು, ಅತ್ತಿತ್ತ ನೋಡಿದಳು.

"ಅಪ್ಪಾ, ಕಾಫಿ ವಾಸ್ನೆ ಬರ್ತೈತಲ್ಲ?"

ಅಜ್ಜ ತನ್ನ ಪಕ್ಕದಲ್ಲಿ ಮುಚ್ಚಿಟ್ಟಿದ್ದ ಲೋಟವನ್ನ ಅವಳ ಕಡೆ ನೂಕಿದ.

"ನಿಂಗೇ ಅಂತ ಇಟ್ಟಿವ್ನಿ ಕಣವ್ವ. ಆರೋಯ್ತದೆ. ಮೊದ್ಲು ಕುಡಿ, ಆಮೇಕೆ ಅಳೀವಂತೆ."