ಟಾಂಗಾಕೂಟದ ಕಿರೀಟ ಸಮರ

ಕೃತಯುಗದಲ್ಲಿ ತಪಸ್ಸಿನಿಂದ, ತ್ರೇತೆಯಲ್ಲಿ ಯಜ್ಞದಿಂದ, ದ್ವಾಪರದಲ್ಲಿ ಪೂಜೆಯಿಂದ ದೊರೆಯುತ್ತಿದ್ದ ಕೀರ್ತಿಯು ಯಾವ ಯುಗದಲ್ಲಿ ವೇದಿಕೆ ಹತ್ತಿ ಘೋಷಣೆ ಮಾಡಿದ ಮಾತ್ರಕ್ಕೇ ದೊರೆಯುತ್ತದೆಯೋ, ಯಾವ ಯುಗದಲ್ಲಿ ನಿನ್ನೆ ಕೊಂಡ ಯಂತ್ರವು ಇಂದು ಹಳತಾಗಿ, ಇಂದು ಕೊಂಡದ್ದು ಪೆಟ್ಟಿಗೆ ಬಿಚ್ಚುವುದರೊಳಗೇ ಮುದಿಯಾಗಿ, ನಾಳೆ ಬರಲಿರುವ ಯಂತ್ರಕ್ಕಾಗಿ ಸಕಲ ಮನುಕುಲವೂ ಬಾಯಿ ಬಿಟ್ಟುಕೊಂಡು ಕಾಯುತ್ತದೆಯೋ, ಅಂಥ ಘೋಷಣಾಯುಗದ ನಡುಹಗಲಿನಲ್ಲಿ, ಗದಗೆಂಬ ಪುರವರದ ಟಾಂಗಾಕೂಟವೆಂಬ ಚೌಕದಲ್ಲಿ ನಡೆದ ಘನಘೋರ ಸಂಗ್ರಾಮವನ್ನು ಹೇಳಹೊರಟಿದ್ದೇನೆ. ಹೇ ವಾಗ್ದೇವಿಯೇ, ಬಂದು ಸ್ವಲ್ಪ ಹೊತ್ತು ನನ್ನ ನಾಲಗೆಯ ಮೇಲೆ ಕೂತುಕೋ. ಕಥೆ ದೊಡ್ಡದು. ಕಾರಣ ಮಾತ್ರ ಒಂದು ಪ್ಲೇಟು ಮಿರ್ಚಿ ಭಜಿ.

ವೀರನಾರೆಂದರೆ, ಕೀಲಿಮಣೆಕುಲತಿಲಕನೂ, ದಶಾಂಗುಲಿಸವ್ಯಸಾಚಿಯೂ, ಕಣ್ಣು ಮುಚ್ಚಿ ಬೆರಳಾಡಿಸಿದರೂ ಒಂದಕ್ಷರ ತಪ್ಪದ ಅಸ್ಖಲಿತಪ್ರಹಾರಿಯೂ, ತಾಲೂಕು ಕಚೇರಿಯಿಂದ ಹಿಡಿದು ಹೈಕೋರ್ಟಿನವರೆಗೆ ಶಿಷ್ಯಕೋಟಿಯನ್ನು ಹಬ್ಬಿಸಿದವನೂ ಆದ ಗುರುಸಂಗಪ್ಪ ಅಬ್ಬಿಗೇರಿ ಮಾಸ್ತರ. ಆತನ ಟೈಪಿಂಗ್ ಶಾಲೆಯ ಟಕಟಕಾಯಮಾನ ನಿನಾದವು ಒಂದು ಕಾಲಕ್ಕೆ ಇಡೀ ಓಣಿಯನ್ನು ಬೆಳಗಿನ ನಿದ್ದೆಯಿಂದ ಎಬ್ಬಿಸುತ್ತಿತ್ತು. ಮೊದಲು ಕಂಪ್ಯೂಟರ್ ಬಂತು. ಆಮೇಲೆ ಹೆಬ್ಬೆರಳೊಂದರಿಂದಲೇ ಸಂಸಾರ ನಡೆಸುವ ಮೊಬೈಲ್ ಮಂದಿ ಬಂದರು. ಕೊನೆಗೆ ಬೆರಳೂ ಬೇಡ, ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುತ್ತೇನೆ ಎಂಬ ಯಂತ್ರವೂ ಬಂತು. ಶಾಲೆಗೆ ಬೀಗ ಬಿತ್ತು. ಬೀಗದ ಕೈ ಜೇಬಿಗಿಳಿದ ಆ ಕ್ಷಣದಲ್ಲೇ ಮಾಸ್ತರ ಭೀಷಣ ಪ್ರತಿಜ್ಞೆಯೊಂದನ್ನು ಕೈಗೊಂಡ: ತಂತ್ರಜ್ಞಾನಲೋಕದ ಯಾವ ಸುದ್ದಿಯನ್ನೂ ಇನ್ನು ಮೇಲೆ ಸುಮ್ಮನೆ ಹೋಗಗೊಡುವುದಿಲ್ಲ.

ಈ ಪ್ರತಿಜ್ಞೆಯ ಕುರುಕ್ಷೇತ್ರ ಹುಲಿಗೆವ್ವನ ಭಜಿ ಅಂಗಡಿ. ಬಾಣಲೆಯ ಎದುರಿಗೆ ಒಂದು ಉದ್ದನೆಯ ಬೆಂಚು. ಭಜಿ ಬರುವುದು ಹಳೆಯ ಪೇಪರಿನ ತುಂಡಿನ ಮೇಲೆ. ಅಲ್ಲಿಯ ಸಂಪ್ರದಾಯವೆಂದರೆ, ಯಾರ ಭಜಿಯ ಕೆಳಗೆ ಮೊಬೈಲು, ಕಂಪ್ಯೂಟರು ಇತ್ಯಾದಿಗಳ ಸುದ್ದಿ ಕಂಡರೂ ಅದನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಓದಿದ ಮೇಲೆ ಮೊದಲ ಮಾತು ಮಾಸ್ತರನದು. ಉಳಿದವರ ಬಾಯಿ ಅಲ್ಲಿಯವರೆಗೆ ತಿನ್ನಲಿಕ್ಕೆ ಮಾತ್ರ.

ಆ ಮೊದಲ ಮಾತಿನ ಪ್ರತಾಪವನ್ನು ಏನೆಂದು ಬಣ್ಣಿಸಲಿ. ಯಾವುದೋ ಮಹಾಕಂಪನಿಯು ಸಾವಿರಾರು ಜನರನ್ನು ಒಂದೇ ಬೆಳಗಿಗೆ ಕೆಲಸದಿಂದ ಮನೆಗೆ ಅಟ್ಟಿ, ನಾವೆಲ್ಲರೂ ಇಂದಿಗೂ ಒಂದೇ ಕುಟುಂಬ ಎಂದು ಕಣ್ಣೀರಿನ ಪತ್ರ ಬರೆದಾಗ, ಹೌದು, ಪಾಲು ಹಂಚಿಕೊಂಡ ಮೇಲಿನ ಕುಟುಂಬ ಎಂದು ಮಾಸ್ತರ ಹೇಳಿದ್ದ. ಇನ್ನೊಂದು ಕಂಪನಿ ಬಲಗಡೆಯ ಗುಂಡಿಯನ್ನು ಎಡಗಡೆಗೆ ಸರಿಸಿ, ಅದಕ್ಕೆ ಕ್ರಾಂತಿಯೆಂದು ಹೆಸರಿಟ್ಟಾಗ, ನಮ್ಮ ಮನೆಯಾಕೆ ತಿಂಗಳಿಗೊಮ್ಮೆ ಕಪಾಟು ಸರಿಸುತ್ತಾಳೆ, ಒಂದು ದಿನವೂ ಸಭೆ ಕರೆದಿಲ್ಲ ಎಂದಿದ್ದ. ಈ ಮಾತುಗಳು ಕ್ಷೌರದ ಅಂಗಡಿಗೆ ಹೋಗಿ, ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಗಿ, ಪಕ್ಕದ ಬೆಟಗೇರಿ ಸುತ್ತಿಕೊಂಡು ಮಾಸ್ತರನ ಕಿವಿಗೇ ಮರಳಿ ಬರುತ್ತಿದ್ದವು. ಬಂದಾಗ ಆತನಿಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ. ಮನೆಯಲ್ಲಿ ಆತನನ್ನು ಯಾರೂ ಊಟವಾಯಿತೇ ಎಂಬುದರಾಚೆಗೆ ಏನನ್ನೂ ಕೇಳುತ್ತಿರಲಿಲ್ಲ. ಜಗತ್ತಿನಲ್ಲಿ ಆತನ ಮಾತಿಗೆ ನಾಲ್ಕು ಮಂದಿ ಕಾಯುವ ಜಾಗವೊಂದಿದ್ದರೆ ಅದು ಆ ಬೆಂಚು, ಅದೊಂದೇ.

ಇಂಥ ಬೆಂಚಿನ ಮೇಲೆ ಕಣ್ಣಿಟ್ಟವನು ಮೌನೇಶ ಪತ್ತಾರ. ಎದುರಿಗೇ ಇರುವ ಮೊಬೈಲ್ ಅಂಗಡಿಯ ಅಧಿಪತಿ. ಸಿಮ್‌ಸೂಚೀಧರ, ಗಾಜುಕವಚಲೇಪನವಿಶಾರದ, ಗುಳ್ಳೆ ಬಾರದಂತೆ ಪರದೆಗೆ ಹಾಳೆ ಅಂಟಿಸುವುದರಲ್ಲಿ ಹುಬ್ಬಳ್ಳಿಯವರೆಗೂ ಅಪ್ರತಿಮ. ಹರೆಯದ ಹುಮ್ಮಸ್ಸಿನವನು, ಕಂಪನಿಗಳು ಏನು ಘೋಷಿಸಿದರೂ ಗುರುವಾಕ್ಯವೆಂದು ತಲೆಯ ಮೇಲಿಟ್ಟುಕೊಳ್ಳುವವನು. ಹೊಸದನ್ನು ನೆನಪಿಡುವುದಕ್ಕಾಗಿ ಹಳೆಯದನ್ನು ಮರೆಯುವುದು ಆತನ ವ್ಯಾಪಾರಧರ್ಮ. ಮೊನ್ನೆ ಮೊನ್ನೆಯಷ್ಟೇ ಅಂಗಡಿಯನ್ನು ಎರಡು ಪಟ್ಟು ದೊಡ್ಡದು ಮಾಡಿ, ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿಸಿ, ರಾತ್ರಿಯನ್ನು ಹಗಲು ಮಾಡುವ ಬೋರ್ಡು ತೂಗಿಸಿದ್ದ. ಇಷ್ಟೆಲ್ಲ ಇದ್ದೂ ಎದುರಿನ ಬೆಂಚಿನಲ್ಲಿ ತನ್ನ ಮಾತು ಎರಡನೆಯದಾಗುವುದು ಆತನಿಗೆ ಸಹಿಸದಾಗಿತ್ತು.

ಒಂದು ಸಂಜೆ ಹುಲಿಗೆವ್ವನ ಎಣ್ಣೆಯು ಕ್ಷೀರಸಾಗರದಂತೆ ಕುದಿಯುತ್ತಿರಲು, ಹಿಟ್ಟಿನ ಕವಚ ತೊಟ್ಟ ಮೆಣಸಿನಕಾಯಿಗಳು ಒಂದರ ಹಿಂದೊಂದು ಅದರಲ್ಲಿ ಧುಮುಕುತ್ತಿರಲು, ಮಾಸ್ತರನ ಪಾಲಿನ ಭಜಿ ಬಂತು. ಕೆಳಗಿನ ತುಂಡಿನಲ್ಲಿ ದಪ್ಪಕ್ಷರದ ಸುದ್ದಿ: ಮುಂದಿನ ದೀಪಾವಳಿಗೆ ಜಗತ್ತಿನಲ್ಲಿ ಮೊಬೈಲ್ ಇರುವುದಿಲ್ಲ. ಹಾಳೆಯ ತಲೆಭಾಗ ಇನ್ಯಾರದೋ ಭಜಿಯ ಕೆಳಗೆ ಹೋಗಿತ್ತು. ಮಾಸ್ತರ ಗಂಟಲು ಸರಿಪಡಿಸಿಕೊಂಡು ಓದಿದ. ಕಿರೀಟ ಎಂಬ ಹೊಸ ಯಂತ್ರವನ್ನು ಒಂದು ಕಂಪನಿ ಘೋಷಿಸಿದೆ. ಬಳೆಯಂತೆ ದುಂಡಗಿರುವ ಅದನ್ನು ತಲೆಗೆ ಸಿಕ್ಕಿಸಿಕೊಂಡು ಮನಸ್ಸಿನಲ್ಲಿ ನೆನೆದರೆ ಸಾಕು, ನೆನೆದವರಿಗೆ ಫೋನು ಹೋಗುತ್ತದೆ. ಕಂಪನಿಯ ಮುಖ್ಯಸ್ಥ ಕರಿ ಅಂಗಿ ತೊಟ್ಟು ವೇದಿಕೆಯ ಮೇಲೆ ನಿಂತು ತನ್ನ ತಾಯಿಯನ್ನು ನೆನೆದು ಮಾತಾಡಿಸಿ ತೋರಿಸಿದ್ದಾನೆ. ಬೆಂಚು ಉಸಿರು ಬಿಗಿಹಿಡಿಯಿತು. ಮಾಸ್ತರ ಒಂದು ಮಿರ್ಚಿಯ ತುದಿ ಕಡಿದು, ನಿಧಾನವಾಗಿ ಅಗಿದು, ಮೊದಲ ಮಾತನ್ನು ಪ್ರಯೋಗಿಸಿದ.

"ತಲ್ಯಾಗ ಬಂದವರಿಗೆಲ್ಲಾ ಫೋನ್ ಹೋಗಾಕ ಹತ್ತಿದ್ರ, ಈ ಊರಾಗ ಒಂದ್ ಸಂಸಾರ ಉಳಿಯಂಗಿಲ್ಲ."

ಬೆಂಚು ನಕ್ಕಿತು. ನಗು ಅಡಗುವ ಮುನ್ನವೇ ಮೌನೇಶ ಎದ್ದು ನಿಂತ. ಉದಯಗಿರಿಯ ಸೂರ್ಯನಂತೆ ಎದ್ದನೆಂದು ಹೇಳಬಹುದಿತ್ತು; ಆದರೆ ಅಂಗಿಯ ಮೇಲೆ ಚಟ್ನಿ ಬಿದ್ದಿತ್ತು. ಮುದುಕರ ಕುಹಕವೇ ಈ ದೇಶದ ಹಿನ್ನಡೆಗೆ ಕಾರಣವೆಂದೂ, ಕಿರೀಟವು ಬಂದೇ ಬರುವುದೆಂದೂ, ಬಂದ ದಿನ ಮೊಬೈಲುಗಳನ್ನು ಮಕ್ಕಳು ಮರಳಿನಲ್ಲಿ ಆಡಲಿಕ್ಕೆ ಒಯ್ಯುವರೆಂದೂ ಆತ ಮೇಘಗಂಭೀರ ಧ್ವನಿಯಲ್ಲಿ ಸಾರಿದ. ಮಾಸ್ತರ ಅಷ್ಟೇ ಗಂಭೀರವಾಗಿ, ಮೂರು ಆಯಾಮದ ಟೀವಿ ಬಂದಾಗ ಅದರ ಕನ್ನಡಕ ಸೋಫಾದ ಕೆಳಗೆ ಸೇರುತ್ತದೆಂದು ಹೇಳಿದವನು ತಾನೆಂದೂ, ಮಾತಾಡುವ ಫ್ರಿಜ್ಜು ಬಂದಾಗ ಹೆಂಡತಿಯಿಂದ ಬೈಸಿಕೊಂಡವನು ಫ್ರಿಜ್ಜಿನಿಂದಲೂ ಬೈಸಿಕೊಳ್ಳಲಾರನೆಂದು ನುಡಿದವನು ತಾನೆಂದೂ, ತನ್ನ ಭವಿಷ್ಯವಾಣಿ ಇಂದಿನವರೆಗೆ ನೆಲಕ್ಕೆ ಬಿದ್ದಿಲ್ಲವೆಂದೂ ಬಿರುದಾವಳಿಯನ್ನು ಬಿಚ್ಚಿದ. ಕೂಡಲೇ ಪಣ ಕಟ್ಟಲಾಯಿತು. ಇಂದಿನ ವಾದದಲ್ಲಿ ಬಾಯಿ ಕಟ್ಟಿ ಸೋತವನು ಬೆಂಚಿನ ಮೊದಲ ಮಾತನ್ನು ಗೆದ್ದವನಿಗೆ ಬಿಟ್ಟುಕೊಡಬೇಕು. ಇನ್ನು ಮೇಲೆ ಇಂಥ ಸುದ್ದಿ ಬಂದಾಗ ಭಜಿ ತಿಂದು, ಕೈ ಒರೆಸಿಕೊಂಡು, ತೆಪ್ಪಗೆ ಮನೆಗೆ ಹೋಗಬೇಕು. ಮಾಸ್ತರ ಪಣಕ್ಕೆ ಒಪ್ಪಿದನೇನೋ ನಿಜ. ಆತನಿಗೆ ಮನೆಗೆ ಬೇಗ ಹೋಗಿ ಮಾಡುವ ಕೆಲಸ ಒಂದೂ ಇರಲಿಲ್ಲ.

ವಾಗ್ಬಾಣಗಳು ಆಕಾಶವನ್ನು ಮುಚ್ಚಿದವು. ಮಾಸ್ತರ, ಕಿರೀಟ ತೊಟ್ಟವನು ನಿದ್ದೆಯಲ್ಲಿ ಹಳೆಯ ಗೆಳತಿಯನ್ನು ಕನಸು ಕಂಡರೆ ಗತಿಯೇನೆಂದು ಕೇಳಿದ. ಮೌನೇಶ, ಮಲಗುವಾಗ ತೆಗೆದಿಡಬೇಕೆಂಬ ಕವಚವನ್ನು ಒಡ್ಡಿದ. ಕ್ಷೌರಿಕರು ಏನು ಮಾಡಬೇಕೆಂದು ಮಾಸ್ತರ ಕೇಳಿದ. ಅದಕ್ಕೂ ಮೌನೇಶನ ಬತ್ತಳಿಕೆಯಲ್ಲಿ ಉತ್ತರವಿತ್ತು. ಹೀಗೆ ಸರಿಸಮ ಕಾದಾಡುತ್ತಿರುವಾಗ, ಬಿಸಿರಕ್ತದ ಮೌನೇಶ ಬಿಡಬಾರದ ಬಾಣವೊಂದನ್ನು ಬಿಟ್ಟ.

"ಮಾಸ್ತರ, ಕಂಪ್ಯೂಟರ್ ಬಂದಾಗೂ ನೀವು ಹಿಂಗಾ ನಕ್ಕಿದ್ರಿ. ಕಡೀಕ ಯಾರ ಬಾಗಲಾ ಹಾಕ್ತು?"

ಹುಲಿಗೆವ್ವನ ಜಾಲರಿ ಸೌಟು ಬಾಣಲೆಯ ಮೇಲೆಯೇ ನಿಂತಿತು. ಬೆಂಚಿನವರು ತಂತಮ್ಮ ಭಜಿಯನ್ನೇ ನೋಡತೊಡಗಿದರು. ಮಾಸ್ತರನಿಗೆ ನೋವಾಯಿತು, ನಿಜಕ್ಕೂ ನೋವಾಯಿತು. ಎದ್ದು ಹೋಗಿಬಿಡಲೇ ಎಂದುಕೊಂಡ. ಆದರೆ ನೊಂದ ವೀರನ ಕೈಗೆ ಮಹಾಸ್ತ್ರ ತಾನಾಗಿಯೇ ಬರುವುದು ಯುಗಯುಗಗಳ ನಿಯಮ. ಆತ ಧ್ವನಿ ತಗ್ಗಿಸಿ ಕೇಳಿದ.

"ಆತಪಾ, ನೀ ಹೇಳಿದ್ದ ಖರೇ ಅಂತ ಇಟ್ಕೊಳ್ಳೋಣ. ಬರೂ ದೀಪಾವಳಿಗೆ ಮೊಬೈಲ್ ಇರಂಗಿಲ್ಲ. ನಿನ್ನ ಹೊಸಾ ಅಂಗಡ್ಯಾಗ ಏನ್ ಮಾರ್ತಿ?"

ಮೌನೇಶ ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ಉಳಿಯಿತು. ಇಷ್ಟು ಹೊತ್ತೂ ತಾನು ಯಾರ ಪರವಾಗಿ ಯುದ್ಧ ಮಾಡುತ್ತಿದ್ದೆ ಎಂಬುದು ಆತನಿಗೆ ಆಗ ಹೊಳೆದಂತಿತ್ತು. ಬೆಂಚಿನ ಮೇಲೆ ಕುಸಿದು ಕೂತ. ಮಾಸ್ತರ ಗೆದ್ದ, ಮಾಸ್ತರ ಗೆದ್ದ ಎಂಬ ಜಯಘೋಷವು ದಿಕ್ಕುಗಳನ್ನು ವ್ಯಾಪಿಸಿ, ಹಾದುಹೋಗುತ್ತಿದ್ದ ಆಟೋದವನು ಕೂಡ ಏನಾಯಿತೆಂದು ಕೇಳುವಂತಾಯಿತು.

ವಿಜಯಿಯು ಕೊನೆಯ ಮಿರ್ಚಿಯನ್ನು ರಾಜಗಾಂಭೀರ್ಯದಿಂದ ಮುಗಿಸಿ, ಕೈ ಒರೆಸಿಕೊಳ್ಳಲೆಂದು ಪೇಪರನ್ನು ತಿರುವಿದ. ಹಿಂಬದಿಯಲ್ಲಿ, ಎಣ್ಣೆಯ ಕಲೆಗಳ ನಡುವೆ, ಸಣ್ಣದೊಂದು ಚೌಕಟ್ಟಿನ ಜಾಹೀರಾತು: ಟೈಪ್‌ರೈಟರ್ ಯಂತ್ರಗಳು ಮಾರಾಟಕ್ಕಿವೆ. ಎಲ್ಲವೂ ಸುಸ್ಥಿತಿಯಲ್ಲಿವೆ. ಸಂಪರ್ಕಿಸಿ, ಗು. ಸಂ. ಅಬ್ಬಿಗೇರಿ, ಗದಗ.

ಅದು ಆತನೇ ಕೊಟ್ಟದ್ದು. ಶಾಲೆಗೆ ಬೀಗ ಹಾಕಿದ ವಾರ, ಸುಸ್ಥಿತಿ ಎಂಬ ಪದ ಇರಲೋ ಬೇಡವೋ ಎಂದು ಒಂದು ಇಡೀ ಸಂಜೆ ಕೂತು ಯೋಚಿಸಿ ಕೊಟ್ಟದ್ದು. ಆಗಿ ಮೂರು ವರ್ಷವಾಗಿತ್ತು. ಒಂದು ಮಗ್ಗುಲು ಮೂರು ವರ್ಷದ್ದಾದರೆ ಇನ್ನೊಂದು ಮಗ್ಗುಲು ನಿನ್ನೆಯದಾಗುವುದು ಹೇಗೆ? ಮುಂದಿನ ದೀಪಾವಳಿ ಎಂದಿದ್ದ ದೀಪಾವಳಿ ಬಂದು ಪಟಾಕಿ ಹಾರಿಸಿ ಹೋಗಿತ್ತು. ಈಗ ನೆನಪಾಯಿತು: ಆ ಕಿರೀಟದ ಕಂಪನಿ ಕಿರೀಟವನ್ನು ಕೈಬಿಟ್ಟು ಕತ್ತುನೋವಿನ ಪಟ್ಟಿ ಮಾಡುತ್ತಿದೆಯೆಂದು ಎಲ್ಲೋ ಒಂದು ಮೂಲೆಯಲ್ಲಿ ಎರಡು ಸಾಲು ಬಂದಿತ್ತು. ತಾನೂ ಓದಿ ಮರೆತಿದ್ದ. ಮರೆಯದೆ ಏನು ಮಾಡುವುದು? ವಾರಕ್ಕೊಂದು ಯಂತ್ರ ಜಗತ್ತನ್ನು ಬದಲಿಸಲು ಬರುತ್ತದೆ, ಮುಂದಿನ ವಾರ ಇನ್ನೊಂದು ಬರುತ್ತದೆ. ಈ ಸುದ್ದಿಗಳೆಲ್ಲ ಉಪ್ಪಿನಕಾಯಿಯಂತೆ; ಯಾವ ವರ್ಷ ಹಾಕಿದ್ದೆಂದು ತಿಂದವನಿಗೆ ಗೊತ್ತಾಗುವುದಿಲ್ಲ.

ಪೇಪರನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದಿದ್ದರೆ ಮುಗಿಯುತ್ತಿತ್ತು. ಮೊದಲ ಮಾತು ಆತನದಾಗಿಯೇ ಉಳಿಯುತ್ತಿತ್ತು. ನಿಜ ಹೇಳಿದರೆ ಭಜಿ ಕಟ್ಟುವ ಪೇಪರಿನ ಮೇಲೆ ಯುದ್ಧ ಹೂಡಿದ ಮಹಾಶಯನೆಂದು ಊರು ನಗುತ್ತದೆ, ಗೆಲುವೂ ಹೋಗುತ್ತದೆ. ಮಾಸ್ತರ ಪೇಪರನ್ನು ಮುಷ್ಟಿಯೊಳಗೆ ಹಿಡಿದುಕೊಂಡ. ಹಿಡಿದುಕೊಂಡೇ ಮೌನೇಶನ ಕಡೆ ನೋಡಿದ. ಮೌನೇಶ ಭಜಿ ಮುಟ್ಟದೆ, ರಸ್ತೆಯಾಚೆ ಝಗಮಗಿಸುತ್ತಿದ್ದ ತನ್ನ ಬೋರ್ಡನ್ನೇ ದಿಟ್ಟಿಸುತ್ತಿದ್ದ. ಆ ನೋಟವನ್ನು ಮಾಸ್ತರ ಬಲ್ಲ. ಶಾಲೆಯ ಬೋರ್ಡನ್ನು ತಾನು ನೋಡುತ್ತಿದ್ದದ್ದು ಹಾಗೆಯೇ. ಆ ದಿನಗಳಲ್ಲಿ ಯಾರಾದರೂ ಬಂದು ಇದೆಲ್ಲ ಸುಳ್ಳು ಕಣಪ್ಪ ಎಂದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆನಲ್ಲ ಎನಿಸಿತು. ಗೆದ್ದ ಸಂತೋಷವೆಲ್ಲ ಅಲ್ಲಿಗೆ ಇಳಿದುಹೋಯಿತು.

"ಮೌನೇಶ," ಎಂದ. "ಇದನ್ನ ಹೊಳ್ಳಿಸಿ ನೋಡು."

ಮೌನೇಶ ನೋಡಿದ, ಓದಿದ, ತಲೆಬುಡ ತಿಳಿಯದೆ ಮಾಸ್ತರನ ಮುಖ ನೋಡಿದ. ಮಾಸ್ತರ ಎಲ್ಲವನ್ನೂ ಬಿಡಿಸಿ ಹೇಳಿದ. ಜಾಹೀರಾತು ಮೂರು ವರ್ಷದ ಹಿಂದಿನದು, ಸುದ್ದಿಯೂ ಅಂದಿನದೇ, ಕಿರೀಟ ಸತ್ತು ಹೋಗಿದೆ, ಮೊಬೈಲ್ ಎಲ್ಲರ ಕೈಯಲ್ಲೂ ಇದೆ, ನಿನ್ನ ಅಂಗಡಿ ಎಲ್ಲಿಗೂ ಹೋಗುವುದಿಲ್ಲ. ಬೆಂಚಿನಲ್ಲಿ ನಗು ಶುರುವಾಯಿತು ನೋಡಿ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಂತೆ ನಕ್ಕರು, ಮಾಸ್ತರನ ಹೆಸರು ಹಿಡಿದೇ ನಕ್ಕರು. ಮಾಸ್ತರನ ಕಿವಿಗಳು ಕೆಂಪಾದವು. ಮೌನೇಶನ ಮುಖಕ್ಕೆ ಮಾತ್ರ ರಕ್ತ ಮರಳಿತು. ಮರಳಿದ್ದೇ ತಡ, ಉಪಕಾರ ಸ್ಮರಣೆ ಮಾಡುವ ಬದಲು ಆ ಪುಣ್ಯಾತ್ಮ ಎದೆ ಉಬ್ಬಿಸಿದ.

"ಹಂಗಾದ್ರ ಮೊಬೈಲ್ ಉಳೀತಲ್ರಿ ಮಾಸ್ತರ. ಗೆದ್ದಾಂವ ನಾನ ಆತಲ್ಲ."

ಮಾಸ್ತರ ದಂಗಾದ. ಕಿರೀಟ ಬರುವುದಿಲ್ಲ ಎಂದವನು ತಾನು, ಬರುತ್ತದೆ ಎಂದವನು ಅವನು, ಬಂದಿಲ್ಲ ಎಂದ ಮೇಲೆ ಗೆದ್ದವನು ತಾನಲ್ಲವೇ ಎಂದು ವಾದಿಸಿದ. ಆಗಿಹೋದದ್ದಕ್ಕೆ ಭವಿಷ್ಯ ಹೇಳಿದರೆ ಲೆಕ್ಕಕ್ಕಿಲ್ಲ ಎಂದು ಮೌನೇಶ ಪಟ್ಟು ಹಿಡಿದ. ಎರಡನೆಯ ಮಹಾಯುದ್ಧಕ್ಕೆ ಶಂಖ ಊದುವುದಷ್ಟೇ ಬಾಕಿಯಿತ್ತು. ಯಾರೋ ತೀರ್ಪು ಹೇಳೆಂದು ಹುಲಿಗೆವ್ವನನ್ನು ಕೇಳಿದರು.

"ಯಾರ ಗೆದ್ರೋ ನನಗೇನ್ ಗೊತ್ರಿ," ಎಂದಳು ಹುಲಿಗೆವ್ವ. "ತಿಂದದ್ದ ಆತಲ್ಲ? ಬೆಂಚ್ ಬಿಡ್ರಿ, ಮಂದಿ ನಿಂತಾರ."

ತ್ರಿಭುವನವಿಖ್ಯಾತರಾದ ಇಬ್ಬರು ಮಹಾರಥಿಗಳೂ ಎದ್ದು, ಧೋತರ ಪ್ಯಾಂಟುಗಳನ್ನು ಕೊಡವಿಕೊಂಡು, ರಸ್ತೆಯ ಅಂಚಿಗೆ ಬಂದು ನಿಂತರು. ಮೊದಲ ಮಾತು ಯಾರದೆಂದು ತೀರ್ಮಾನವಾಗಲೇ ಇಲ್ಲ. ಎಣ್ಣೆಪೇಪರು ಇನ್ನೂ ಮೌನೇಶನ ಕೈಯಲ್ಲೇ ಇತ್ತು. ಬೋರ್ಡಿನ ಬೆಳಕಿಗೆ ಹಿಡಿದು ಅದನ್ನು ಮತ್ತೊಮ್ಮೆ ಓದಿ, ಎಷ್ಟು ಹೋದವು ಮಷೀನು ಎಂದು ಕೇಳಿದ.

ಮಾಸ್ತರ ಹೇಳಿದ: "ಒಂದೂ ಹೋಗಲಿಲ್ಲೋ. ಒಬ್ಬರೂ ಫೋನ್ ಹಚ್ಚಲಿಲ್ಲ. ಎಲ್ಲಾ ಅಟ್ಟದ ಮ್ಯಾಲೆ ಅದಾವ."

ಒಂದನ್ನು ತನಗೆ ಕೊಡಿರೆಂದ ಮೌನೇಶ. ಗಾಜಿನ ಮುಂದೆ ಇಟ್ಟರೆ ಮಂದಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಾಳೆಯೇ ಬಂದು ಒಯ್ಯುತ್ತೇನೆ ಎಂದ. ಮೂರು ವರ್ಷದ ಮೇಲೆ ಜಾಹೀರಾತಿಗೆ ಬಂದ ಮೊದಲ ಗಿರಾಕಿಯನ್ನು ಮಾಸ್ತರ ಅಡಿಯಿಂದ ಮುಡಿಯವರೆಗೆ ನೋಡಿದ. ನಗಬಾರದೆಂದು ತುಟಿ ಬಿಗಿದುಕೊಂಡ.

"ಒಯ್ಯಿ. ಆದ್ರ ಮೊದಲ ಹೇಳ್ತೀನಿ, ಅದಕ್ಕ ಅಪ್‌ಡೇಟ್ ಬರಂಗಿಲ್ಲ."

ಮೌನೇಶ ನಕ್ಕ. ಹಿಂದಿನಿಂದ ಯಾರೂ ನಗಲಿಲ್ಲ. ಬೆಂಚಿನ ಮೇಲೆ ಆಗಲೇ ಬೇರೆಯವರು ಕೂತು ಭಜಿ ತಿನ್ನುತ್ತಿದ್ದರು.