ಎರಡು ಸೆಕೆಂಡಿನ ಮಂತ್ರ

"ಚಪ್ಪಲಿ ಹೊರಗೆ, ಮೊಬೈಲು ಜೇಬೊಳಗೆ, ಜರಡಿ ತಲೆ ಮೇಲೆ!" ಎಂದು ಮರುಳಸಿದ್ಧಯ್ಯ ಬಾಗಿಲಲ್ಲೇ ನಿಂತು ಕೂಗಿದರು.

ಷಡಕ್ಷರಿ ತನ್ನ ಭಾವನ ಕೈಯಿಂದ ಹಿಟ್ಟಿನ ಜರಡಿಯೊಂದನ್ನು ಇಸಿದುಕೊಂಡು, ಬಾಚಿದ ಕ್ರಾಪು ಕೆಡದಂತೆ ತಲೆಗಿಟ್ಟುಕೊಂಡ. ಜರಡಿಗೆ ತಾಮ್ರದ ತಂತಿ ಸುತ್ತಿತ್ತು. ತಂತಿ ಟೀವಿ ಪಕ್ಕದ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆ ಎಂದರೆ ಮತ್ತೇನಲ್ಲ, ಅಕ್ಕ ದಾಕ್ಷಾಯಿಣಿಯ ಇಡ್ಲಿ ಪಾತ್ರೆ! ತಿಪಟೂರಿನಲ್ಲಿ ಮೂವತ್ತು ವರ್ಷ ರೇಡಿಯೋ, ಟೀವಿ ರಿಪೇರಿ ಮಾಡಿ ಅಂಗಡಿ ಮುಚ್ಚಿದ ಮೇಲೆ ಮರುಳಸಿದ್ಧಯ್ಯನವರು ಮನೆಯ ಪಾತ್ರೆಗಳ ಮೇಲೆ ಕಣ್ಣು ಹಾಕಿದ್ದರು. ಆ ಮನೆಯಲ್ಲಿ ಇಡ್ಲಿ ಬೆಂದು ಎರಡು ತಿಂಗಳಾಗಿತ್ತು.

"ಇದರ ಹೆಸರು ಅರ್ಥದರ್ಶಿ!" ಎಂದರು ಮರುಳಸಿದ್ಧಯ್ಯ, ಎದೆಯುಬ್ಬಿಸಿ. "ಇಷ್ಟು ವರ್ಷ ರೇಡಿಯೋ ಹೇಳ್ತು, ಟೀವಿ ಹೇಳ್ತು. ಕೇಳಿದೋರ ತಲೇಲಿ ಏನು ಕೂತ್ಕೊಂತು ಅಂತ ಯಾರಾದ್ರೂ ನೋಡಿದ್ರಾ? ಇದು ನೋಡುತ್ತೆ! ಟೀವಿ ಕೆಳಗಡೆ ಪಟ್ಟೀಲಿ ಬರುತ್ತೆ, ಹೆಸರು ಸಮೇತ!"

"ಹೆಸರು ಯಾಕ್ರೀ? ನಾನು ನಿಮ್ಮನ್ನ ಬೈಕೊಂಡಿದ್ರೆ?" ಎಂದಳು ದಾಕ್ಷಾಯಿಣಿ.

"ಅದಕ್ಕೆ ಈ ಪಟ್ಟಿ ಸಾಲಲ್ಲ ಬಿಡು. ಕೂತ್ಕೊ."

ಷಡಕ್ಷರಿ ಇಸ್ತ್ರಿ ಅಂಗಿ ಹಾಕಿಕೊಂಡು ಬಂದದ್ದಕ್ಕೆ ಕಾರಣವಿತ್ತು. ಊರಿನ ಕೇಬಲ್ ವಾಹಿನಿಯಲ್ಲಿ ಬರುವ ಜಾಹೀರಾತುಗಳಿಗೆಲ್ಲ ಅವನದೇ ದನಿ. ಸೀರೆ ಅಂಗಡಿಯಿಂದ ಹಿಡಿದು ಬೋರ್‌ವೆಲ್ ಕೊರೆಯುವವರ ತನಕ ಎಲ್ಲರಿಗೂ ಅವನದೇ ಗಂಟಲು ಬೇಕು. ತನ್ನ ದನಿ ಜನರ ತಲೆಯಲ್ಲಿ ಹೇಗೆ ಕೂತಿದೆ ಎಂದು ಕಣ್ಣಾರೆ ನೋಡುವ ಚಪಲ ಅವನಿಗೆ. ಇಂಥ ಚಪಲ ಯಾರಿಗೂ ಬರಬಾರದು.

ಮೊದಲು ಒಂದು ಸೋಪಿನ ಜಾಹೀರಾತು ಬಂತು. ಮುಖ ತೊಳೆದ ಹುಡುಗಿಗೆ ತಕ್ಷಣ ಕೆಲಸ ಸಿಕ್ಕಿತು. ಪಟ್ಟಿಯಲ್ಲಿ, ಆಗಲೇ ಜರಡಿ ಹೊತ್ತು ಕೂತಿದ್ದ ಪಕ್ಕದ ಮನೆಯ ಹಾಲಮ್ಮನ ಹೆಸರು ಮೂಡಿತು: "ಆ ಸೀರೆ ನಮ್ಮ ತಂಗಿ ಮಗಳ ನಿಶ್ಚಿತಾರ್ಥದ ಸೀರೆ ಥರಾನೇ ಇದೆ. ಎಲ್ಲಿ ತಗೊಂಡ್ಲೋ!"

"ಸೋಪು ಎಲ್ಲಿ ಹೋಯ್ತು ಹಾಲಮ್ಮ?" ಎಂದ ಷಡಕ್ಷರಿ.

"ಯಾವ ಸೋಪಪ್ಪಾ?" ಎಂದಳು ಹಾಲಮ್ಮ.

ಜೀವವಿಮೆಯ ಜಾಹೀರಾತಿಗೆ ಅವಳದೇ ತೀರ್ಮಾನ: "ಸಹಿ ಹಾಕಿದ ಗಂಡಸಿನ ಫೋಟೋಗೆ ಮುಂದಿನ ಸೀನಲ್ಲೇ ಹಾರ. ನಮ್ಮೆಜಮಾನ್ರಿಗೆ ಈ ವಿಮೆ ಮಾಡಿಸಬಾರದು." ಸಿಮೆಂಟಿನ ಗೋಡೆಗೆ ಆನೆ ಗುದ್ದಿದಾಗ ಮರುಳಸಿದ್ಧಯ್ಯನವರ ಹೆಸರೇ ಬಂತು: "ಪಾಪ, ಆನೆಗೆ ಎಷ್ಟು ನೋವಾಯ್ತೋ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಷಡಕ್ಷರಿಯೂ ನಕ್ಕ. ಅವನು ಮನಸಾರೆ ನಕ್ಕದ್ದು ಅದೇ ಕೊನೆ.

ಆಮೇಲೆ ಅವನದೇ ಜಾಹೀರಾತು ಬಂತು. "ಸಕ್ಕರೆ ಕಾಯಿಲೆಗೆ ಸಿಂಹಸ್ವಪ್ನ, ಸಿಹಿಸಂಹಾರಿ ಚೂರ್ಣ! ಒಂದು ಚಮಚ ಹೊಟ್ಟೆಗೆ, ಮಾತ್ರೆ ಡಬ್ಬಿ ಅಟ್ಟಕ್ಕೆ!" ಆ ಸಾಲು ಕಟ್ಟಿದವನೂ ಷಡಕ್ಷರಿಯೇ. ಕೊನೆಗೆ ಕಾನೂನಿಗಾಗಿ ಹೇಳಲೇಬೇಕಾದ ಮಾತುಗಳಿದ್ದವು. ಈ ಉತ್ಪನ್ನವು ಔಷಧಿಯಲ್ಲ, ಯಾವ ರೋಗವನ್ನೂ ಗುಣಪಡಿಸುವುದಿಲ್ಲ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಇಷ್ಟನ್ನೂ ಎರಡೇ ಸೆಕೆಂಡಿನಲ್ಲಿ ಮುಗಿಸುವವನು ತನ್ನನ್ನು ಬಿಟ್ಟರೆ ಆ ಜಿಲ್ಲೆಯಲ್ಲೇ ಇಲ್ಲ ಎಂದು ಷಡಕ್ಷರಿ ಬೀಗುತ್ತಿದ್ದ. ಆ ಭಾಗ ಇರುವುದು ಕೇಳುವುದಕ್ಕಲ್ಲ, ಸುಮ್ಮನೆ ಇರುವುದಕ್ಕೆ ಎಂದು ಗೆಳೆಯರಿಗೆ ಹೇಳಿ ಕಣ್ಣು ಹೊಡೆಯುತ್ತಿದ್ದ.

ಆ ಎರಡು ಸೆಕೆಂಡು ಬಂದಾಗ ದಾಕ್ಷಾಯಿಣಿ ಕೈಮುಗಿದಳು. ಹಾಲಮ್ಮನೂ ಮುಗಿದಳು. ಪಟ್ಟಿಯಲ್ಲಿ ಅಕ್ಷರ ಓಡಿತು. "ದಾಕ್ಷಾಯಿಣಿ: ನನ್ನ ತಮ್ಮ ಹೇಳಿದ ಮೇಲೆ ಮುಗೀತು. ಮಾತ್ರೆ ಬಿಟ್ಟಿದ್ದು ಒಳ್ಳೇದಾಯ್ತು. ಈಗ ಮಂತ್ರ."

ಷಡಕ್ಷರಿಯ ತಲೆಯ ಮೇಲಿನ ಜರಡಿ ಒಂದು ಕಡೆಗೆ ಜಾರಿತು.

"ಅಕ್ಕಾ, ಮಾತ್ರೆ ಬಿಟ್ಟಿದ್ದೀಯಾ?"

"ಮೂರು ತಿಂಗಳಾಯ್ತಲ್ಲೋ."

"ಡಬ್ಬಿ ಎಲ್ಲಿ?"

"ಅಟ್ಟದ ಮೇಲೆ. ನೀನೇ ತಾನೆ ಅಲ್ಲಿಡು ಅಂದಿದ್ದು? ಮೊಣಕಾಲು ನೋವಲ್ಲೂ ಏಣಿ ಹತ್ತಿ ಇಟ್ಟು ಬಂದೆ ಕಣೋ!"

ಆಗ ಅವನು ಅವಳ ಕಾಲು ನೋಡಿದ. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯಿಂದ ಕೆಟ್ಟ ವಾಸನೆ ಬರುತ್ತಿತ್ತು. ಚಪ್ಪಲಿ ಕಚ್ಚಿದ ಗಾಯವಂತೆ, ಒಂದೂವರೆ ತಿಂಗಳಿಂದ ಒಣಗಿಲ್ಲವಂತೆ. ಅಮ್ಮ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕ.

"ಭಾವ, ನೀವಾದ್ರೂ ನೋಡ್ಬಾರ್ದಿತ್ತಾ?"

"ನಾನು ಊರೋರ ತಲೆಯೊಳಗೆ ನೋಡ್ತಿದ್ದೆ ಕಣಯ್ಯ," ಎಂದರು ಮರುಳಸಿದ್ಧಯ್ಯ, ಸಣ್ಣ ದನಿಯಲ್ಲಿ.

"ಅಕ್ಕಾ, ಅದು ಮಂತ್ರ ಅಲ್ಲ! ಮಾತ್ರೆ ನಿಲ್ಲಿಸ್ಬೇಡಿ ಅಂತಾನೇ ಅದರಲ್ಲಿರೋದು!"

"ಏನೋ ಹಂಗಂದ್ರೆ? ಅಯ್ನೋರು ಪೂಜೇಲಿ ಹೇಳೋ ಹಂಗೇ ಹೇಳ್ತೀಯ. ದಿನಾ ಪುಡಿ ನುಂಗೋ ಮುಂಚೆ ನಾನೂ ಹೇಳ್ಕೊತೀನಿ," ಎಂದು ದಾಕ್ಷಾಯಿಣಿ ಕಣ್ಣು ಮುಚ್ಚಿ, ಈ ಉತ್ಪನ್ನವು ಔಷಧಿಯಲ್ಲ ಎಂಬಲ್ಲಿಂದ ನಿಲ್ಲಿಸಬೇಡಿ ಎಂಬಲ್ಲಿಯವರೆಗೆ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು. ಒಂದಕ್ಷರ ತಪ್ಪಿಲ್ಲ!

"ಈಗ ನಿಧಾನವಾಗಿ ಹೇಳು."

"ನಿಧಾನ ಮಾಡಿದ್ರೆ ಫಲ ಇರಲ್ಲ," ಎಂದಳು ಹಾಲಮ್ಮ. ದಾಕ್ಷಾಯಿಣಿ ಹೌದೆಂದು ತಲೆಯಾಡಿಸಿದಳು.

ಆಸ್ಪತ್ರೆಗೆ ನಡೆ ಎಂದರೆ ಅವಳು ಒಪ್ಪಲಿಲ್ಲ. ನಿನ್ನ ಮಾತನ್ನು ನೀನೇ ನಂಬದಿದ್ದರೆ ಹೇಗೆ ಎಂದು ತಮ್ಮನನ್ನೇ ಗದರಿದಳು.

"ಇರು, ಹಿಂದುಮುಂದು ಸ್ವಿಚ್ ಒತ್ತೋಣ!" ಎಂದರು ಮರುಳಸಿದ್ಧಯ್ಯ. "ತಲೇಲಿರೋದು ಟೀವಿಗೆ ಬರೋದಾದ್ರೆ, ಟೀವಿ ಮಾತು ನೆಟ್ಟಗೆ ತಲೆಗೆ ಹೋಗಲೇಬೇಕು. ಮೈಕ್ ಹಿಡ್ಕೊ. ನಿಜ ಹೇಳು!"

ಅವರು ಇಡ್ಲಿ ಪಾತ್ರೆಯ ಕಿವಿ ತಿರುಗಿಸಿದರು. ಟೀವಿಯಲ್ಲಿ ಷಡಕ್ಷರಿಯ ಮುಖ ಮೂಡಿತು, ತಲೆಯ ಮೇಲೆ ಓರೆಯಾದ ಜರಡಿ ಸಮೇತ. ಅದೇ ಹೊತ್ತಿಗೆ ಪಕ್ಕದ ಮನೆಯ ಟೀವಿಯಿಂದ, ಎದುರು ಮನೆಯ ಟೀವಿಯಿಂದ ಅವನ ಉಸಿರಾಟ ಕೇಳಿಸಿತು. ಪಾತ್ರೆ ಕೇಬಲ್ ತಂತಿ ಹಿಡಿದು ಇಡೀ ಊರಿಗೆ ನುಗ್ಗಿತ್ತು! ಒಳ್ಳೆಯದೇ ಆಯಿತು, ಎಲ್ಲರೂ ಕೇಳಲಿ ಎಂದುಕೊಂಡ ಷಡಕ್ಷರಿ.

"ನಾನು ಷಡಕ್ಷರಿ. ಆ ಪುಡಿ ಔಷಧಿ ಅಲ್ಲ. ಅದರಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದೆ ಹೇಳ್ದೆ. ನನ್ನ ಅಕ್ಕ ನನ್ನ ಮಾತು ಕೇಳಿ ಮಾತ್ರೆ ಬಿಟ್ಟಳು. ಅವಳ ಕಾಲು ಕೊಳೀತಾ ಇದೆ. ನಿಮ್ಮ ಕಾಲಿಗೆ ಬೀಳ್ತೀನಿ, ಆ ಪುಡಿ ಎಸೀರಿ. ನಿಮ್ಮ ನಿಮ್ಮ ಮಾತ್ರೆ ತಗೊಳ್ಳಿ!"

ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು. ಆ ದನಿಯಲ್ಲಿ ಅವನು ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿದ್ದ. ಪಟ್ಟಿಯಲ್ಲಿ ಊರಿನ ತಲೆಗಳು, ಜರಡಿಯ ಹಂಗೂ ಇಲ್ಲದೆ, ಒಂದೊಂದಾಗಿ ಬಿಚ್ಚಿಕೊಂಡವು.

"ಗಾಂಧಿನಗರ, ರಿಟೈರ್ಡ್ ಮೇಷ್ಟ್ರು: ಬೇಡ ಬೇಡ ಅಂತಾನೆ. ಸ್ಟಾಕು ಮುಗೀತಾ ಬಂದಿರ್ಬೇಕು."

"ಬಸ್ ಸ್ಟ್ಯಾಂಡ್ ಹಿಂದಿನ ಬೀಡಾ ಅಂಗಡಿ: ಹೊಸ ಜಾಹೀರಾತು. ಕೊನೇಲಿ ಅಕ್ಕನ ಕಾಲು ವಾಸಿಯಾಗುತ್ತೆ ನೋಡ್ತಿರು."

"ಕೊಬ್ಬರಿ ಮಂಡಿ ಗುಮಾಸ್ತ: ಜರಡಿ ಯಾಕೆ ಹಾಕ್ಕೊಂಡಿದಾನೆ? ಹಾಕ್ಕೊಂಡು ನುಂಗಿದ್ರೆ ಬೇಗ ಹತ್ತುತ್ತೇನೋ!"

"ಹಾಲಮ್ಮ: ಸಿನಿಮಾದೋರಿಗಿಂತ ಚೆನ್ನಾಗಿ ಅಳ್ತಾನೆ."

ಕೊನೆಗೆ ಅವನು ಕಾಯುತ್ತಿದ್ದ ಹೆಸರು ಬಂತು. "ದಾಕ್ಷಾಯಿಣಿ: ಪಾಪ, ಕಂಪನಿಯೋರು ನನ್ನ ತಮ್ಮನ ಕೈಲಿ ಹಿಂಗೆಲ್ಲ ಅಳಿಸ್ತಾರಲ್ಲ. ಇನ್ನೆರಡು ಡಬ್ಬಿ ತರಿಸ್ಕೊಂಡು ಅವನಿಗೆ ಒಂದು ಹೆಸರು ಬರೋ ಹಂಗೆ ಮಾಡ್ಬೇಕು."

ಷಡಕ್ಷರಿ ಹತಾಶನಾಗಿ ಕಾನೂನಿನ ಆ ಮಾತುಗಳನ್ನೇ ಒಂದೊಂದಾಗಿ, ಬಿಡಿಸಿ ಬಿಡಿಸಿ ಓದಿದ. ಇಡೀ ಊರು ಕೈಮುಗಿದಿರಬೇಕು. ಪಟ್ಟಿಯ ತುಂಬ ಮಂತ್ರ, ಮಂತ್ರ, ದೊಡ್ಡ ಮಂತ್ರ ಎಂದು ಸಾವಿರ ಹೆಸರು ಒಟ್ಟಿಗೆ ಮುಗಿಬಿದ್ದವು. ಇಡ್ಲಿ ಪಾತ್ರೆ ಗಡಗಡ ನಡುಗಿ, ಮುಚ್ಚಳ ಹಾರಿಸಿ, ಕಪ್ಪು ಹೊಗೆ ಬಿಟ್ಟು ಸತ್ತುಹೋಯಿತು!

ಸಂಜೆಯೊಳಗೆ ತಿಪಟೂರಿನ ಯಾವ ಅಂಗಡಿಯಲ್ಲೂ ಸಿಹಿಸಂಹಾರಿ ಇರಲಿಲ್ಲ. ಹಿಟ್ಟಿನ ಜರಡಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಷಡಕ್ಷರಿ ಬೀದಿಯಲ್ಲಿ ಬರುವಾಗ ಜಗಲಿ ಜಗಲಿಯಲ್ಲೂ ಹಿರಿಯರು ತಲೆಗೆ ಜರಡಿ ಇಟ್ಟುಕೊಂಡು ಚಮಚ ನೆಕ್ಕುತ್ತಿದ್ದರು. ಕೆಲವರು ಅವನನ್ನು ಕಂಡು ಭಕ್ತಿಯಿಂದ ಎದ್ದು ನಿಂತರು. ಚೂರ್ಣದ ಮಾಲೀಕ ಫೋನು ಮಾಡಿ ಗದ್ಗದಿತನಾದ. "ಎಂಥಾ ಐಡಿಯಾ ಸಾರ್! ಮುಂದಿನ ವಾರ ಇನ್ನೊಂದ್ಸಲ ಅಳ್ತೀರಾ?" ಷಡಕ್ಷರಿ ಬಾಯಿಗೆ ಬಂದಂತೆ ಬೈದ. ಮಾಲೀಕ ಅದನ್ನೂ ರೆಕಾರ್ಡ್ ಮಾಡಿಕೊಂಡ.

ನಾಲ್ಕನೆಯ ದಿನ ದಾಕ್ಷಾಯಿಣಿಗೆ ಜ್ವರ ಏರಿ ಪ್ರಜ್ಞೆ ತಪ್ಪಿತು. ಒಪ್ಪಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ, ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಹೆಬ್ಬೆರಳು, ಅದರ ಪಕ್ಕದ ಬೆರಳು, ಎರಡನ್ನೂ ತೆಗೆದರು. ಒಂದು ತಿಂಗಳು ಮೊದಲೇ ಬಂದಿದ್ದರೆ ಏನೂ ತೆಗೆಯಬೇಕಿರಲಿಲ್ಲ ಎಂದು ಡಾಕ್ಟರು ಷಡಕ್ಷರಿಯ ಮುಖಕ್ಕೆ ಹೊಡೆದಂತೆ ಹೇಳಿದರು. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ದನಿಯೇ ಇಲ್ಲದವನಂತೆ ಅತ್ತ.

ಎರಡು ದಿನ ಬಿಟ್ಟು ಅಕ್ಕ ಕಣ್ಣು ಬಿಟ್ಟಳು. ಅವನು ಅವಳ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದ. ತಪ್ಪಾಯ್ತು ಎನ್ನಲು ಬಾಯಿ ತೆರೆದಾಗ ಅವಳೇ ಅವನ ಕೆನ್ನೆ ಸವರಿದಳು.

"ಯಾಕೋ ಅಳ್ತೀಯಾ? ಇಂಥಾ ಗಾಯಕ್ಕೆ ಎಷ್ಟೋ ಜನಕ್ಕೆ ಪೂರ್ತಿ ಕಾಲೇ ತೆಗೀತಾರಂತೆ, ನರ್ಸಮ್ಮ ಹೇಳಿದ್ಲು. ನಿನ್ನ ಪುಡಿ ತಗೊಂಡಿದ್ದಕ್ಕೆ ಎರಡು ಬೆರಳಲ್ಲಿ ಮುಗೀತು. ಮನೆಗೆ ಹೋದ್ಮೇಲೆ ದಿನಕ್ಕೆ ಎರಡು ಚಮಚ ಮಾಡ್ಕೊತೀನಿ ಬಿಡು."

ಷಡಕ್ಷರಿ ಭಾವನ ಕಡೆ ತಿರುಗಿದ. ಮರುಳಸಿದ್ಧಯ್ಯ ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಟ್ಟರು.

"ಯಂತ್ರ ಸುಟ್ಟುಹೋಯ್ತು ಅಂತ ನಾನು ಸುಮ್ನೆ ಕೊರಗ್ತಿದ್ದೆ ಕಣಯ್ಯ," ಎಂದರು. "ಅದಿಲ್ಲದೇನೂ ಎಲ್ಲಾ ಸ್ಪಷ್ಟವಾಗೇ ಕಾಣ್ಸುತ್ತೆ."