ಕ್ರಿಸ್ಮಸ್ ಪಿಚ್ಚರಿನಲ್ಲಿ ಯಮುನಳ ಮದುವೆ

ಕೇಬಲ್ ಲಕ್ಷ್ಮಯ್ಯನಿಗೆ ಜನಕ್ಕೊಂದು ಉಪಕಾರ ಮಾಡಬೇಕು ಅನ್ನಿಸಿದ್ದೇ ಎಲ್ಲ ರಗಳೆಗೂ ಮೂಲ. ಕೇಬಲ್ಲಿನವನು ಕೇಬಲ್ಲಿನವನ ಹಾಗೆ ಇರಬೇಕು. ಉಪಕಾರ ಅವನ ಕಸುಬಲ್ಲ.

ಪಟ್ಟಂದೂರು ಅಗ್ರಹಾರದ ತನ್ನ ಲೋಕಲ್ ಚಾನೆಲ್ಲಿನಲ್ಲಿ ಅವನು ಪ್ರತಿ ಕ್ರಿಸ್ಮಸ್ಸಿಗೂ ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಒಂದೇ ಹಳೇ ಇಂಗ್ಲಿಷ್ ಪಿಚ್ಚರ್ ಹಾಕುತ್ತಿದ್ದ. ಹಿಮದಲ್ಲಿ ಕಳೆದುಹೋದ ಹುಡುಗಿ, ಹುಡುಕಿ ಅಲೆಯುವ ಗಡ್ಡದ ಮುದುಕ, ಅವನ ಜೊತೆಗೊಂದು ಕುಂಟು ಕತ್ತೆ. ಊರಿನಲ್ಲಿ ಕ್ರಿಶ್ಚಿಯನ್ನರ ಮನೆ ಇದ್ದದ್ದು ಮೂರೋ ನಾಲ್ಕೋ. ಇಂಗ್ಲಿಷ್ ಬಲ್ಲವರು ಅದಕ್ಕಿಂತ ಕಡಿಮೆ. ಆದರೂ ಹನ್ನೆರಡು ವರ್ಷದಿಂದ ಊರಿಗೆ ಊರೇ ಅದನ್ನು ನೋಡುತ್ತಿತ್ತು, ಅಳುವ ಜಾಗ ಬಂದಾಗ ತಪ್ಪದೆ ಅಳುತ್ತಿತ್ತು.

ಕ್ಯಾಸೆಟ್ಟು ಮಾತ್ರ ಸವೆದು ಯಾವುದು ಪಿಚ್ಚರಿನ ಹಿಮ, ಯಾವುದು ಟೀವಿಯ ಚುಕ್ಕಿ ಅಂತ ತಿಳಿಯದ ಹಾಗಾಗಿತ್ತು. ಅದನ್ನು ಓಡಿಸುವ ವೀಸಿಆರೂ ಆ ವರ್ಷ ಕೆಟ್ಟು ಕೂತಿತು. ಲಕ್ಷ್ಮಯ್ಯ ಎರಡನ್ನೂ ಗುಜರಿಗೆ ಹಾಕಿ, ಅದೇ ಪಿಚ್ಚರಿನ ಹೊಸ ಡಿವಿಡಿ ತಂದ. ಗಾಜಿನ ಹಾಗೆ ಸ್ವಚ್ಛ. ಕತ್ತೆಯ ಕಿವಿಯ ಕೂದಲು ಎಣಿಸಬಹುದಿತ್ತು.

ಕ್ರಿಸ್ಮಸ್ಸಿನ ಬೆಳಿಗ್ಗೆ ಅದನ್ನು ಹಾಕಿ ತನ್ನ ಮಹಡಿಯ ಆಫೀಸಿನಲ್ಲಿ ಎದೆಯುಬ್ಬಿಸಿ ಕೂತಿದ್ದ. ಪಿಚ್ಚರ್ ಮುಗಿಯುವ ಮೊದಲೇ ದುರ್ಗವ್ವ ಮೆಟ್ಟಿಲು ಹತ್ತಿ ಬಂದಳು. ರಾಯಚೂರು ಕಡೆಯವಳು, ಕಟ್ಟಡದ ಕೆಲಸದವಳು, ಬಾಯಿ ಜೋರು.

"ಯಣ್ಣಾ, ಹುಡುಗಿ ಮದಿವಿ ಎಲ್ಲಿ ಹೋತು?"

"ಯಾವ ಮದುವೆ?"

"ಹಿಮದಾಗ ಕಳದ ಹುಡುಗಿ ಈ ಊರಿಗೆ ಬಂದು ಮದಿವಿ ಆಗ್ತಾಳಲ್ಲ, ಅದು! ಮಗಳು ಗಂಡನ ಮನಿಗೆ ಹೋದ್ಲು ಅಂತನ ಆ ಮುದುಕ ಅಳೂದು. ಈ ಸಲ ಸುಮ್ಮ ಸುಮ್ಮನ ಅಳಾಕ ಹತ್ಯಾನ. ಅವಗೇನು ಹುಚ್ಚು ಹಿಡದೈತೇನು?"

ಲಕ್ಷ್ಮಯ್ಯ ಹಣೆ ಚಚ್ಚಿಕೊಂಡ.

ಹಿಂದೆ ಅವನು ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯುತ್ತಿದ್ದ. ಹನುಮಂತರಾಯಪ್ಪನ ಮಗಳು ಯಮುನಳ ಮದುವೆಯಲ್ಲಿ ಮುಹೂರ್ತದ ಹೊತ್ತಿಗೇ ಕ್ಯಾಸೆಟ್ಟು ಮುಗಿದು, ಟೀವಿಯಿಂದ ಇಳಿಸಿಕೊಂಡಿದ್ದ ಈ ಪಿಚ್ಚರಿನ ಮೇಲೆಯೇ ಹತ್ತು ನಿಮಿಷ ತೆಗೆದಿದ್ದ. ಕತ್ತೆ ಹಿಮದಲ್ಲಿ ಬೀಳುತ್ತಿದ್ದಂತೆ ಯಮುನಳ ಮದುವೆ ಶುರು. ತಾಳಿ ಕಟ್ಟಿದ ಮೇಲೆ ಮತ್ತೆ ಹಿಮ. ಮದುವೆಯ ಭಾಗಕ್ಕೆ ಸದ್ದಿರಲಿಲ್ಲ, ಬರೀ ಗುಂಯ್ ಅನ್ನುತ್ತಿತ್ತು. ಅವನು ಹಾಗೆಯೇ ಹಾಕುತ್ತ ಬಂದಿದ್ದ. ಬಾಡಿಗೆಗೆ ಬಂದ ಜನ ತಾವೇ ಕತೆಗೆ ಹೊಲಿಗೆ ಹಾಕಿಕೊಂಡಿದ್ದರು.

ದುರ್ಗವ್ವನ ಹಿಂದೆಯೇ ಹನುಮಂತರಾಯಪ್ಪ ಬಂದ. ಹೊಲವಿದ್ದ ಜಾಗದಲ್ಲಿ ಮೂರು ವಠಾರ ಕಟ್ಟಿಸಿದವನು. ಲಕ್ಷ್ಮಯ್ಯನ ಅರ್ಧಕ್ಕರ್ಧ ಕನೆಕ್ಷನ್ ಆ ವಠಾರಗಳಲ್ಲೇ ಇದ್ದವು.

"ಲೇ ಲಕ್ಷ್ಮಯ್ಯ, ನಮ್ಮವ್ವ ಎಲ್ಲೋ?"

"ಅಜ್ಜಿ ತೀರ್ಕೊಂಡು ಎಂಟು ವರ್ಷ ಆಯ್ತಲ್ಲಣ್ಣ."

"ಅದು ನಂಗೊತ್ತಿಲ್ವೇನೋ? ಪಿಚ್ಚರಲ್ಲಿ ಎಲ್ಲಿ ಅಂದೆ! ಕತ್ತೆ ಬಿದ್ದ ಮೇಲೆ ತಟ್ಟೆ ಇಡ್ಕಂಡು ಬರ್ತಾಳಲ್ಲ!"

ಮದುವೆಯ ಉಳಿದ ಕ್ಯಾಸೆಟ್ಟುಗಳನ್ನು ಬೀಗರು ಒಯ್ದು ಕಳೆದಿದ್ದರು. ಅವ್ವ ನಡೆದಾಡುವುದು ಕಾಣುತ್ತಿದ್ದದ್ದು ಆ ಹತ್ತು ನಿಮಿಷದಲ್ಲಿ ಮಾತ್ರ.

"ವರ್ಸಕ್ಕೊಂದಪ ನೋಡ್ತೀನಿ, ಅದುಕ್ಕೂ ಕಲ್ಲಾಕ್ದಲ್ಲೋ" ಎಂದ ಹನುಮಂತರಾಯಪ್ಪ. "ಸಂಜೆ ಆರರ ಆಟಕ್ಕೆ ಅವ್ವ ಬರ್ಬೇಕು. ಬರ್ಲಿಲ್ಲ ಅಂದ್ರೆ ನಾಳೆನೇ ಮೂರೂ ವಠಾರಕ್ಕೆ ಡಿಶ್ ಆಕುಸ್ತೀನಿ. ನಿನ್ ವೈರು ಬಟ್ಟೆ ಒಣಗಾಕೋಕೆ ಆಯ್ತದೆ."

ಲಕ್ಷ್ಮಯ್ಯ ಸ್ಕೂಟರ್ ಹತ್ತಿ ಮಹದೇವಪುರದ ಗುಜರಿ ಅಂಗಡಿಗೆ ಓಡಿದ. ತಿಪ್ಪೆ ಕೆದಕುವ ಕೋಳಿಯ ಹಾಗೆ ಎರಡು ಗಂಟೆ ಕೆದಕಿದ ಮೇಲೆ ಒಂದು ಮೂಟೆಯ ತಳದಲ್ಲಿ ಕ್ಯಾಸೆಟ್ಟು ಸಿಕ್ಕಿತು. ಟೇಪು ಶಾವಿಗೆಯಂತೆ ಹೊರಗೆ ನೇತಾಡುತ್ತಿತ್ತು.

"ಬಿಡಿಯಾಗಿ ಕೊಡಲ್ಲ ಸಾರ್" ಎಂದ ಗುಜರಿಯವನು. "ಮೂಟೆ ಸಮೇತ ತಗೊಂಡ್ರೆ ತಗೊಳ್ಳಿ."

ಜಗಳಕ್ಕೆ ಹೊತ್ತಿರಲಿಲ್ಲ. ಮೂಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಮಾರತ್ತಹಳ್ಳಿಯ ದಾರಿ ಹಿಡಿದ. ಅವನ ಮೈಮೇಲೆ ಇದ್ದದ್ದು ಕೆಂಪು ಸ್ವೆಟರು. ಸಿಗ್ನಲ್ಲಿನಲ್ಲಿ ಕಾರಿನೊಳಗಿನ ಮಗುವೊಂದು, "ಮಮ್ಮೀ, ಕ್ರಿಸ್ಮಸ್ ತಾತ!" ಎಂದು ಕೂಗಿತು. ತಾತ ಮಗುವನ್ನು ದುರುಗುಟ್ಟಿ ನೋಡಿದ.

ಮಾರತ್ತಹಳ್ಳಿಯಲ್ಲಿ ದೀಪು ಎಂಬವನು ಹಳೇ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿಕೊಡುತ್ತಿದ್ದ. ಕಂಪ್ಯೂಟರಿನ ಮುಂದೆ ಕೂತವನು ಕೇಳಿದ:

"ಅಂಕಲ್, ಮಧ್ಯೆ ಒಂದು ಹತ್ತು ನಿಮಿಷ ಸೌಂಡೇ ಇಲ್ವಲ್ಲ?"

"ಅದು ಮೊದಲಿಂದ್ಲೂ ಇಲ್ಲ ಕಣಪ್ಪ."

"ಇರುತ್ತೆ ಅಂಕಲ್, ಒಳಗೆ ಮಲ್ಗಿರುತ್ತೆ. ಸಾಫ್ಟ್‌ವೇರ್ ಹಾಕಿ ಎಬ್ಬಿಸ್ಲಾ?"

"ಏನಾದ್ರೂ ಮಾಡು ಗುರು. ಆರು ಗಂಟೆಗೆ ಊರಲ್ಲಿರ್ಬೇಕು."

ಆರಕ್ಕೆ ಐದು ನಿಮಿಷ ಇರುವಾಗ ಹೊಸ ಡಿವಿಡಿ ಮೆಷಿನ್ನಿನೊಳಗೆ ಹೋಯಿತು. ಲಕ್ಷ್ಮಯ್ಯ ಉಸಿರು ಬಿಡುವ ಮೊದಲೇ ಹನುಮಂತರಾಯಪ್ಪನ ಮನೆಯಿಂದ ಕರೆ ಬಂತು. ಎರಡು ಬೀದಿ ದಾಟಿ ಹೋದ. ಹಜಾರದ ತುಂಬ ಜನ. ಬಾಗಿಲ ಬಳಿ ದುರ್ಗವ್ವ. ಹನುಮಂತರಾಯಪ್ಪ ಅವನನ್ನು ಸೋಫಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೆಗಲ ಮೇಲೆ ಕೈ ಹಾಕಿದ. ಅವನ ಹೆಂಡತಿ ಭಾಗ್ಯಮ್ಮ ತಟ್ಟೆಗೆ ಎರಡು ಹೋಳಿಗೆ ಹಾಕಿ, ತುಪ್ಪ ಸುರಿದು, "ತಿನ್ನಪ್ಪ, ಬೆಳಿಗ್ಗೆಯಿಂದ ಅಲ್ದಿದ್ದೀಯ" ಎಂದಳು.

ಕತ್ತೆ ಬಿತ್ತು. ಮದುವೆ ಬಂತು. ಜೊತೆಗೆ ವಾಲಗದ ಸದ್ದೂ ಬಂತು.

"ಅರೆರೆ, ವಾಲಗ ಕೇಳುಸ್ತೈತಲ್ಲೋ! ಭೇಷ್!" ಎಂದು ಹನುಮಂತರಾಯಪ್ಪ ಬೆನ್ನು ತಟ್ಟಿದ.

ಆಮೇಲೆ ವಾಲಗದ ಮೇಲೆ ಒಂದು ಗಂಡು ದನಿ, ಮೈಕಿಗೆ ಬಾಯಿಟ್ಟು ಮಾತಾಡಿದಷ್ಟು ಸ್ಪಷ್ಟವಾಗಿ, ಹೇಳಿತು:

"ಲೈಟು ಈ ಕಡೆ ಹಿಡಿಯೋ. ನೋಡು ಹನುಮಂತರಾಯಪ್ಪನ ಪೇಟಾನ, ತಿಪ್ಪೆ ಮೇಲೆ ಮಡಕೆ ಬೋರಲಾಕ್ದಂಗೈತೆ."

ಯಾರ ದನಿ ಅಂತ ಲಕ್ಷ್ಮಯ್ಯನಿಗೆ ಮೊದಲು ಹೊಳೆಯಲಿಲ್ಲ. ಹೊಳೆದಾಗ ಕಚ್ಚಿದ ಹೋಳಿಗೆಯನ್ನು ತಟ್ಟೆಗೇ ಇಟ್ಟ. ಆ ದಿನ ಹಸಿವು ಮರೆಯಲು ಅವನು ಲೈಟು ಹಿಡಿಯುವವನ ಜೊತೆ ಗೊಣಗಿದ್ದನ್ನೆಲ್ಲ ಕ್ಯಾಮರಾ ನಿಯತ್ತಾಗಿ ನುಂಗಿಕೊಂಡಿತ್ತು. ಉಳಿದವರೆಲ್ಲ ದೂರ, ಮೈಕಿಗೆ ಹತ್ತಿರ ಇದ್ದವನು ಅವನೊಬ್ಬನೇ.

"ಭಾಗ್ಯಮ್ಮನ ಮುಖಕ್ಕೆ ಲೈಟ್ ಹೊಡೀಬೇಡ, ಪೌಡರ್ ಬಿರುಕು ಬಿಡುತ್ತೆ."

ಭಾಗ್ಯಮ್ಮ ತುಪ್ಪದ ಗಿಂಡಿಯನ್ನು ಕುಕ್ಕಿ ಎದ್ದು ಹೋದಳು.

"ಅವ್ಳ ತಮ್ಮ ವೆಂಕಟಪ್ಪ ಮೂರನೇ ಪಂಕ್ತೀಲೂ ಕೂತವ್ನೆ. ಎಲೆ ಎತ್ತೋರು ಅವನ್ನೂ ಎತ್ಕೊಂಡ್ ಹೋಗ್ಲಿ."

ಎದುರು ಮನೆಯಲ್ಲಿ ಅದೇ ಚಾನೆಲ್ ನೋಡುತ್ತಿದ್ದ ವೆಂಕಟಪ್ಪನ ಬಾಗಿಲು ದಡಾರನೆ ತೆರೆದುಕೊಂಡಿತು. ದುರ್ಗವ್ವ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಓಡಿಹೋಗಿ ಮೆಷಿನ್ ಆರಿಸೋಣ ಅಂದರೆ ಹೆಗಲ ಮೇಲಿನ ಕೈ ಈಗ ಬಿಗಿ ಹಿಡಿತವಾಗಿತ್ತು. ದಿನಾ ಸಂಜೆ ತಪ್ಪದೆ ಹೋಗುವ ದರಿದ್ರ ಕರೆಂಟು ಆವತ್ತು ಹೋಗಲಿಲ್ಲ.

ಅಷ್ಟರಲ್ಲಿ ಅಜ್ಜಿ ತಟ್ಟೆ ಹಿಡಿದು ಬಂದಳು. ನೇರ ಕ್ಯಾಮರಾದ ಮುಂದೆ ನಿಂತಳು. ಹನ್ನೆರಡು ವರ್ಷ ಬರೀ ತುಟಿ ಆಡಿಸಿದ್ದವಳು ಈ ಸಲ ಮಾತಾಡಿದಳು:

"ಉಂಡ್ಯೇನಪ್ಪಾ ಲಕ್ಷ್ಮಯ್ಯ? ನನ್ ಮಗ ನಿಂಗೆ ಉಣ್ಣಾಕೆ ಇಕ್ಕಾಕಿಲ್ಲ, ಅವ್ನು ಜುಗ್ಗ. ಬಾ, ನಾನಿಕ್ತೀನಿ."

ಹನುಮಂತರಾಯಪ್ಪನ ಕೈ ಹೆಗಲಿಂದ ಜಾರಿತು. ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಅವ್ವನ ದನಿ ಕಣೋ" ಎಂದ. "ಬಾಯ್ತುಂಬ ಬೈದ್ಲು."

ಲಕ್ಷ್ಮಯ್ಯನಿಗೆ ಜೀವ ಬಂತು. "ಹಂಗಾದ್ರೆ ಡಿಶ್ಶು..."

"ಡಿಶ್ಶಲ್ಲಿ ನಮ್ಮವ್ವ ಮಾತಾಡ್ತಾಳೇನೋ? ನಿನ್ ಕೇಬಲ್ಲೇ ಇರ್ಲಿ. ಕ್ರಿಸ್ಮಸ್ಸಿಗೆ ಮಾತ್ರ ಅಲ್ಲ, ಇನ್ಮೇಕೆ ದಿನಾ ಸಂಜೆ ಆರಕ್ಕೆ ಇದುನ್ನ ಆಕು."

"ಅಜ್ಜಿ ಬರೋದಷ್ಟೇ ಹಾಕ್ತೀನಣ್ಣ, ಉಳಿದದ್ದು ಕತ್ತರಿಸಿ..."

"ಪೂರ್ತಿ ಆಕ್ಬೇಕು. ನಂಗೆ ಬೈದಿದ್ದುನ್ನ ಊರೆಲ್ಲ ಕೇಳೈತೆ, ಮಿಕ್ಕೋರ್ಗೆ ಬೈದಿರೋದುನ್ನ ನಾನೂ ದಿನಾ ಕೇಳ್ಬೇಕು. ಒಂದು ಮಾತು ಕತ್ತರಿಸಿದ್ರೂ ನಿನ್ ವೈರು ಕತ್ತರಿಸ್ತೀನಿ."

ಹೊರಗೆ ವೆಂಕಟಪ್ಪನ ಗರ್ಜನೆ ಕೇಳಿಸಿತು: "ಎಲ್ಲವ್ನೆ ಆ ಕೇಬಲ್‌ನೋನು? ಈಚೆ ಕಳ್ಸಿ ಭಾವ!"

ಲಕ್ಷ್ಮಯ್ಯ ತಟ್ಟೆ ಕೆಳಗಿಟ್ಟು ಪಿಸುಗುಟ್ಟಿದ. "ಅಣ್ಣಾ, ಹಿತ್ತಲ ಬಾಗಿಲು ಯಾವ ಕಡೆ?"

"ಅಡುಗೆಮನೆ ದಾಟಿದ್ರೆ ಸಿಗ್ತದೆ" ಎಂದ ಹನುಮಂತರಾಯಪ್ಪ. "ಭಾಗ್ಯಮ್ಮ ಅಲ್ಲೇ ನಿಂತವಳೆ, ಓಗು."